ಹುಣಸೆಹಣ್ಣಿನಲ್ಲಿ ತೊಳೆದ ಕಾಡತೂಸುಗಳು

ನಿಜಾಮರ ಕಾಲದಲ್ಲಿ ಸಿಂಧನೂರಿನ ಪೊಲೀಸ್ ಠಾಣೆಗೆ ನಾನು ಮುನ್ಶಿ, ಅಂದರೆ ಬರೆಯುವ ಗುಮಾಸ್ತನಾಗಿದ್ದೆ. ಆಗ ಅಲ್ಲಿ ಒಂದು ರಿವಾಲ್ವರ್ ಮತ್ತು ಹನ್ನೆರಡು ಕಾಡತೂಸುಗಳಿದ್ದವು. ಇಡೀ ತಾಲ್ಲೂಕಿನ ಕಳ್ಳಕಾಕರನ್ನು ಹೆದರಿಸಲು ಅಷ್ಟು ಸಾಕೆಂದು ಮೇಲಿನವರ ಎಣಿಕೆ. ಕಳ್ಳರು ಹೆದರುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ನಾವಂತೂ ಆ ಕಾಡತೂಸುಗಳಿಗೆ ಹೆದರಿ ಸಾಯುತ್ತಿದ್ದೆವು. ಒಂದನ್ನು ಹಾರಿಸಿದರೆ ಅದರ ಖಾಲಿ ಹಿತ್ತಾಳೆ ಕೊಳವೆಯನ್ನು ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ ಲಿಂಗಸುಗೂರಿನ ಕಚೇರಿಗೆ ಕಳಿಸಬೇಕು. ಜೊತೆಗೆ ಉರ್ದುವಿನಲ್ಲಿ ಒಂದು ಪತ್ರ. ಯಾರ ಮೇಲೆ ಹಾರಿಸಿದಿರಿ, ಯಾಕೆ ಹಾರಿಸಿದಿರಿ, ತಗಲಿತೋ ಇಲ್ಲವೋ, ತಗಲದಿದ್ದರೆ ಕಾರಣವೇನು, ತಗಲಿದ್ದರೆ ಅಷ್ಟು ಅಗತ್ಯವಿತ್ತೇ?

ನಾನು ಬರುವ ಮೊದಲು ಇದ್ದ ಒಬ್ಬ ಅಮೀನರು, ಅಂದರೆ ಠಾಣೆಯ ಮುಖ್ಯಸ್ಥರು, ಗೊರೇಬಾಳದ ಹತ್ತಿರ ಒಂದು ಕಾಡುಹಂದಿಗೆ ಗುಂಡು ಹಾರಿಸಿದ್ದರಂತೆ. ಹಂದಿ ತನ್ನ ಪಾಡಿಗೆ ಹೋಯಿತು. ಸಾಹೇಬರು ರಿವಾಲ್ವರನ್ನು ಬಿಚ್ಚಿ ನೋಡಿದಾಗ ಖಾಲಿ ಕೊಳವೆ ಚಿಮ್ಮಿ ಎರೆಹೊಲದ ಬಿರುಕಿನಲ್ಲಿ ಬಿತ್ತು. ಬೇಸಿಗೆಯ ಬಿರುಕು, ಕೈ ಹಾಕಿದರೆ ಮೊಳಕೈ ತನಕ ಹೋಗುತ್ತದೆ. ಠಾಣೆಯ ಜವಾನರೆಲ್ಲ ಮೂರು ದಿನ ಗುದ್ದಲಿ ಹಿಡಿದು ಆ ಹೊಲವನ್ನು ಅಗೆದರು. ಕೊಳವೆ ಸಿಗಲಿಲ್ಲ, ಹೊಲದವನಿಗೆ ಮಾತ್ರ ಪುಕ್ಕಟೆ ಉಳುಮೆಯಾಯಿತು. ಆಮೇಲೆ ಆ ರಿವಾಲ್ವರಿನಿಂದ ಯಾರೂ ಏನನ್ನೂ ಹಾರಿಸಿರಲಿಲ್ಲ.

ನನಗೆ ಆಗ ಮೂವತ್ತು ವರ್ಷ. ಮನೆಮಾತು ಕನ್ನಡ, ಹೊಟ್ಟೆ ಹೊರೆದದ್ದು ಉರ್ದು. ಹಣೆಗೆ ವಿಭೂತಿ ಹಚ್ಚಿಕೊಂಡು ಬಲದಿಂದ ಎಡಕ್ಕೆ ಬರೆಯುವ ಮನುಷ್ಯ. ಠಾಣೆಯಲ್ಲಿ ನನ್ನನ್ನು 'ತಮ್ಮಾ' ಎಂದು ಕರೆಯುತ್ತಿದ್ದವರು ಜವಾನರ ಮೇಲಿನ ಜಮೇದಾರರು ಒಬ್ಬರೇ. ದಢೇಸುಗೂರಿನವರು, ಎತ್ತರದ ಆಳು, ಮಾತು ಕಡಿಮೆ. ಓದು ಬರಹ ಬಾರದು, ಆದರೆ ಹೆಜ್ಜೆ ಗುರುತು ನೋಡಿ ಎತ್ತು ಕದ್ದವನ ಊರು ಹೇಳುತ್ತಿದ್ದರು. ನೌಕರಿಯಲ್ಲಿ ಇನ್ನು ಮೂರೇ ವರ್ಷ ಉಳಿದಿತ್ತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಒಮ್ಮೆ ತಪಾಸಣೆಗೆ ಲಿಂಗಸುಗೂರಿನಿಂದ ದೊಡ್ಡ ಸಾಹೇಬರು ಬಂದರು. ಮೂರೂ ಕಡೆಯ, ಅಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಠಾಣೆಗಳು ಅವರ ಕೈಕೆಳಗಿದ್ದವು. ಅವರು ನಮ್ಮ ಕಾಡತೂಸುಗಳನ್ನು ಅಂಗೈಯಲ್ಲಿ ಹೊರಳಿಸಿ, 'ಹಸಿರು ಕಿಲುಬು ಹಿಡಿದಿದೆ' ಎಂದು ರಿಜಿಸ್ಟರಿನಲ್ಲಿ ಬರೆದು ಹೋದರು. ಬೈಗುಳ ಬಿದ್ದದ್ದು ನನಗೆ. ಸಂಜೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ನನ್ನ ಹೆಂಡತಿ ಕೇಳಿದಳು.

"ಹಿತ್ತಾಳಿ ಅಲ್ಲೇನ್ರಿ ಅದು? ಹಿತ್ತಾಳಿ ಕೊಡಕ್ಕ ನಾವು ಏನ್ ಹಚ್ತೀವಿ? ಹುಣಸಿಹಣ್ಣು ಹಚ್ಚಿ ತಿಕ್ರಿ. ಬೂದಿ ಬ್ಯಾಡ, ಗೀರು ಬೀಳ್ತಾವ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುಂದಿನ ಜಾಣತನ ನನ್ನದು. ತಿಕ್ಕಿದ ಹಿತ್ತಾಳೆ ಮತ್ತೆ ಕಪ್ಪಾಗುತ್ತದಲ್ಲ, ಅದಕ್ಕೆ ಪ್ರತಿ ಗುರುವಾರ ಹನ್ನೆರಡನ್ನೂ ಒಂದು ಬಟ್ಟಲು ಕುಸುಬೆ ಎಣ್ಣೆಯಲ್ಲಿ ಮುಳುಗಿಸಿ ಇಟ್ಟು, ಮರುದಿನ ತೆಗೆದು ಒರೆಸುತ್ತಿದ್ದೆ. ಮುಂದಿನ ತಪಾಸಣೆಗೆ ಅವು ಮದುವಣಗಿತ್ತಿಯ ಮೂಗುತಿಯ ಹಾಗೆ ಹೊಳೆಯುತ್ತಿದ್ದವು. ದೊಡ್ಡ ಸಾಹೇಬರು 'ಬಹುತ್ ಖೂಬ್' ಎಂದರು, ನನ್ನ ಬೆನ್ನು ತಟ್ಟಿದರು. ಹದಿನೈದು ದಿನಕ್ಕೆ ಮೂರೂ ಕಡೆಯ ಠಾಣೆಗಳಿಗೆ ಸುತ್ತೋಲೆ ಹೋಯಿತು: ಕಾಡತೂಸುಗಳನ್ನು ಸಿಂಧನೂರಿನ ಪದ್ಧತಿಯಂತೆ ಹುಣಸೆಹಣ್ಣಿನಿಂದ ತೊಳೆದು ಎಣ್ಣೆಯಲ್ಲಿ ಇಡತಕ್ಕದ್ದು. ಅದಕ್ಕೆಂದು ತಿಂಗಳಿಗೊಂದು ಸೀಸೆ ಕುಸುಬೆ ಎಣ್ಣೆ ಸರ್ಕಾರದಿಂದಲೇ ಬರತೊಡಗಿತು. ನಾನು ಎದೆ ಉಬ್ಬಿಸಿ ತಿರುಗಿದೆ. ಎರಡು ವರ್ಷ ತಪ್ಪದೆ ಪ್ರತಿ ಗುರುವಾರ ಅವುಗಳಿಗೆ ಅಭ್ಯಂಜನ ಮಾಡಿಸಿದೆ.

ಆ ನಡುವೆ ಬಂದವರು ಹೊಸ ಅಮೀನರು. ಅವರಿಗೆ ಬಂದೂಕಿನ ಹುಚ್ಚು. ಬಂದೂಕು ಮಾರುವ ಯಾವುದೋ ಕಂಪನಿಯ ಚಿತ್ರದ ಪುಸ್ತಕವೊಂದು ಅವರ ಬಳಿ ಇತ್ತು. ಅದನ್ನು ಮುಂದಿಟ್ಟುಕೊಂಡೇ ಚಹಾ ಕುಡಿಯುತ್ತಿದ್ದರು. ನಮ್ಮ ರಿವಾಲ್ವರ್ 'ಚಾರ್‌ಸೌ ಪಚಪನ್' ಬೋರಿನದು, ಅಂದರೆ ನಳಿಗೆಯ ಅಗಲ ನಾನೂರ ಐವತ್ತೈದು. ಗುಂಡು ಬಾರೆಹಣ್ಣಿನಷ್ಟು ದಪ್ಪ. ಈಗ ಎಲ್ಲ ಕಡೆ ಅದನ್ನು ಬಿಟ್ಟು 'ತೀನ್‌ಸೌ ಅಸ್ಸೀ', ಅಂದರೆ ಮುನ್ನೂರ ಎಂಬತ್ತರ ಸಣ್ಣ ಬೋರು ಹಿಡಿಯುತ್ತಿದ್ದಾರೆಂದು ಪುಸ್ತಕ ಹೇಳುತ್ತಿತ್ತು. ಅಮೀನರಿಗೆ ಅದು ತಮ್ಮ ಮನೆತನಕ್ಕೆ ಆದ ಅವಮಾನದಂತೆ ಕಂಡಿತು.

"ಮುನ್ಶೀಜಿ, ನೀವೇ ಹೇಳ್ರಿ. ಡಾಕು ಎದುರಿಗೆ ಓಡಿ ಬರಾಕತ್ಯಾನ. ಸಣ್ಣ ಗುಂಡು ಬಡೀತದ, ಅಂವ ಓಡಿ ಬರ್ತಾನೇ ಇರ್ತಾನ. ದೊಡ್ಡ ಗುಂಡು ಬಡೀತದ, ಧಪ್ ಅಂತ ಬೀಳ್ತಾನ. ಖಲಾಸ್!"

ಡಾಕುಗಳು ನಮ್ಮ ಕಡೆ ಎದುರಿಗೆ ಓಡಿ ಬಂದದ್ದನ್ನು ನಾನು ನೋಡಿರಲಿಲ್ಲ. ಅವರು ಓಡುತ್ತಿದ್ದದ್ದು ಯಾವಾಗಲೂ ಆ ಕಡೆಗೆ. ಆದರೂ ಹೌದ್ರಿ ಎಂದೆ.

ಮಸ್ಕಿಯ ಅಮೀನರು ಸಣ್ಣ ಬೋರಿನ ಪಕ್ಷ. ಅವರದು ಕಡ್ಡಿಯಂಥ ಮೈ. ದೊಡ್ಡ ರಿವಾಲ್ವರ್ ಸೊಂಟಕ್ಕೆ ಕಟ್ಟಿದರೆ ಪಟ್ಟಿಯ ಜೊತೆ ಪಾಯಿಜಾಮವೂ ಇಳಿಯುತ್ತಿತ್ತು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಸಲಾಮು ಮಾಡುತ್ತಿದ್ದರು. ಇದನ್ನು ಅವರು ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಅದಕ್ಕೆ ಸಣ್ಣ ಗುಂಡು ನೇರ ಹೋಗುತ್ತದೆ, ಕೈ ಜಗ್ಗುವುದಿಲ್ಲ ಎಂದು ವಾದಿಸುತ್ತಿದ್ದರು. ಇಬ್ಬರ ಪತ್ರಗಳನ್ನೂ ಓದಿ ಓದಿ ದೊಡ್ಡ ಸಾಹೇಬರಿಗೆ ತಲೆ ಚಿಟ್ಟು ಹಿಡಿದಿರಬೇಕು. ಪ್ರತಿ ಠಾಣೆಯೂ ತನ್ನ ಅಭಿಪ್ರಾಯವನ್ನು ನಮೂನೆಯಲ್ಲಿ ತುಂಬಿ ಕಳಿಸಲಿ, ಸುತ್ತಲಿನ ಪರವಾನಗಿದಾರರನ್ನೂ ಕೇಳಲಿ ಎಂದು ಹುಕುಂ ಹೊರಟಿತು.

ನಮ್ಮ ಸುತ್ತ ಇದ್ದ ಪರವಾನಗಿದಾರರು ಗೊರೇಬಾಳದ ಗೌಡರು ಒಬ್ಬರೇ. ಆತ್ಮರಕ್ಷಣೆಗೆಂದು ಅಂಗೈಯಷ್ಟೇ ಇರುವ ಒಂದು ಪಿಸ್ತೂಲು ಕೊಂಡಿದ್ದರು. ನಾನು ನಮೂನೆ ಹಿಡಿದು ಹೋದೆ. ಗೌಡರು ಮೂರು ಕೀಲಿ ತೆಗೆಸಿ, ರೇಷ್ಮೆ ವಸ್ತ್ರ ಬಿಚ್ಚಿ ಅದನ್ನು ತೋರಿಸಿದರು.

"ಕಾಡತೂಸು ಎಲ್ಲದಾವ್ರಿ ಗೌಡ್ರ?" ಎಂದೆ.

"ಅವು ಇಲ್ಲಿ ಯಾಕ ಇಡ್ತೀನ್ರಿ, ಮಕ್ಕಳು ಮರಿ ತಿರಗೂ ಮನಿ. ಬಳಗಾನೂರಾಗ ನಮ್ಮ ಅತ್ತಿಯವ್ರ ಪೆಟಗ್ಯಾಗ ಅದಾವ."

"ಕಳ್ಳರು ಬಂದ್ರ?"

"ಆಳು ಕಳಿಸಿ ತರಸ್ತೀನ್ರಿ," ಎಂದರು ಗೌಡರು, ನನ್ನ ಪ್ರಶ್ನೆಯೇ ಅರ್ಥವಾಗದವರಂತೆ. ಬೋರು ಯಾವುದು ಒಳ್ಳೆಯದೆಂದು ಕೇಳಿದ್ದಕ್ಕೆ, ಬೆಳ್ಳಿ ಹಿಡಿ ಇದ್ದದ್ದು ಒಳ್ಳೆಯದು ಎಂದು ಬರೆಸಿದರು. ಬರೆದುಕೊಂಡೆ.

ಜಮೇದಾರರ ಅಭಿಪ್ರಾಯಕ್ಕೂ ನಮೂನೆಯಲ್ಲಿ ಒಂದು ಸಾಲು ಇತ್ತು. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ದೊಡ್ಡದೋ ಸಣ್ಣದೋ, ಹೇಳ್ರಿ ಕಾಕಾ."

"ತಮ್ಮಾ, ಬಡಿದ್ರ ಯಾವುದಾದ್ರೇನು, ಬಡೀದಿದ್ರ ಯಾವುದಾದ್ರೇನು? ವರ್ಷಕ್ಕೊಮ್ಮಿ ನಾಕು ಗುಂಡು ಹಾರಸಾಕ ಬಿಡ್ರಿ ಅಂತ ಬರಿ. ಈ ಕಾಡತೂಸು ಹಾರ್ತಾವೋ ಇಲ್ಲೋ ಅನ್ನೋದ ನಾ ನೋಡಿಲ್ಲ."

ಜಮೇದಾರರ ಸಾಲಿನಲ್ಲಿ ಎರಡೇ ಮನೆಗಳಿದ್ದವು, ದೊಡ್ಡದು ಮತ್ತು ಸಣ್ಣದು. ಅವರ ಮಾತಿಗೆ ಜಾಗವಿರಲಿಲ್ಲ. 'ದೊಡ್ಡದು' ಎಂಬಲ್ಲಿ ಗುರುತು ಹಾಕಿ, ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಇಂದಿಗೂ ಆ ಸಾಲು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅಷ್ಟೂ ಕಾಗದಗಳ ಗದ್ದಲದಲ್ಲಿ ಬುದ್ಧಿ ಇದ್ದ ಮಾತು ಅದೊಂದೇ.

ಕೊನೆಗೆ ಲಿಂಗಸುಗೂರಿನ ಹಳೆಯ ಛಾವಣಿಯ, ಅಂದರೆ ದಂಡಿನ, ಮೈದಾನದಲ್ಲಿ ಪರೀಕ್ಷೆ ಏರ್ಪಟ್ಟಿತು. ಒಂದು ಅಂಗುಲದ ಸಾಗವಾನಿ ಹಲಗೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ, ಯಾವ ಗುಂಡು ಎಷ್ಟು ಹಲಗೆ ದಾಟುತ್ತದೆಂದು ನೋಡುವುದು. ಪರೀಕ್ಷೆಗೆಂದು ಸಣ್ಣ ಬೋರಿನ ಒಂದು ರಿವಾಲ್ವರ್ ಹೈದರಾಬಾದಿನಿಂದ ಬಂದಿತ್ತು, ಕಾಡತೂಸುಗಳೂ ಅಲ್ಲಿಂದ ಮುದ್ರೆ ಒಡೆಯದೆ ಬಂದ ಹೊಸವು. ಇಪ್ಪತ್ತೈದು ಹೆಜ್ಜೆ ದೂರದಿಂದ ದೊಡ್ಡ ಸಾಹೇಬರು ಹಾರಿಸಿದರು. ಅಮೀನರು ಹಾರಿಸಿದರು. ಮಸ್ಕಿಯವರೂ ಒಂದು ಕೈ ಸೊಂಟಕ್ಕಿಟ್ಟು ಹಾರಿಸಿದರು. ಹಲಗೆಗಳಿಗೆ ಕೂದಲಷ್ಟೂ ಕೊಂಕಾಗಲಿಲ್ಲ. ಪಕ್ಕದ ಜಾಲಿಗಿಡಕ್ಕೆ ಎರಡು ಗುಂಡು ಬಿದ್ದವು. ಎರಡೂ ಬೋರುಗಳು ಸಮಸಮ ಎಂದು ದೊಡ್ಡ ಸಾಹೇಬರು ತೀರ್ಪು ಕೊಡುವುದರಲ್ಲಿದ್ದರು. ಪ್ರತಿ ಬೋರಿನ ಒಂದೊಂದು ಕಾಡತೂಸು ಉಳಿದಿತ್ತು, ಹಲಗೆ ಹೊತ್ತು ತಂದ ಜಮೇದಾರರಿಗೆ ಹಾರಿಸಲು ಹೇಳಿದರು. ಕಾಕಾ ಎರಡನ್ನೂ ಹಲಗೆಯ ನಟ್ಟನಡುವೆ ಹೊಡೆದರು. ಎರಡೂ ನಾಲ್ಕನೆಯ ಹಲಗೆಯಲ್ಲಿ ಸಿಕ್ಕಿಕೊಂಡಿದ್ದವು.

ಅಷ್ಟಾದ ಮೇಲಾದರೂ ಯಾರಾದರೂ ಅವರನ್ನು ಏನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಹಲಗೆ ಒಳಗೆ ಇಡು ಎಂದರು.

ಅದಾದ ಕೆಲವು ದಿನಗಳಿಗೆ, ಸಿಂಧನೂರಿನ ಸಂತೆಯ ದಿನ ಮಧ್ಯಾಹ್ನ ಹುಚ್ಚು ನಾಯಿಯೊಂದು ಜನರ ನಡುವೆ ನುಗ್ಗಿತು. ಬಾಯಲ್ಲಿ ಜೊಲ್ಲು, ಕಣ್ಣು ಕೆಂಡ. ಅದಾಗಲೇ ಒಂದು ಆಕಳನ್ನು ಕಚ್ಚಿತ್ತು. ಅಮೀನರಿಗೆ ಹೆದರಿಕೆಗಿಂತ ಹುರುಪೇ ಹೆಚ್ಚು. ಚಾರ್‌ಸೌ ಪಚಪನ್ನಿನ ಪ್ರತಾಪ ಬರೆದು ಕಳಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಗಬೇಕು? ಆರು ಕಾಡತೂಸು ತುಂಬಿಸಿ ರಿವಾಲ್ವರನ್ನು ಜಮೇದಾರರ ಕೈಗೆ ಕೊಟ್ಟು, ತಾವು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ನಾನು ಅವರ ಹಿಂದೆ ನಿಂತೆ, ಸುಳ್ಳು ಯಾಕೆ ಹೇಳಲಿ.

ಬಳಗಾನೂರಿನಿಂದ ಉಳ್ಳಾಗಡ್ಡಿ ಮಾರಲು ಬರುತ್ತಿದ್ದ ಒಬ್ಬ ಹೆಂಗಸು ತಕ್ಕಡಿ ಬಿಟ್ಟು ಏಳಲಾಗದೆ ರಾಶಿಯ ಹಿಂದೆ ಸಿಕ್ಕಿಕೊಂಡಿದ್ದಳು. ನಾಯಿ ಅವಳ ಕಡೆ ತಿರುಗಿತು. ಕಾಕಾ ಐದಾರು ಹೆಜ್ಜೆ ಹತ್ತಿರ ಹೋಗಿ ಗುರಿ ಹಿಡಿದರು. ರಿವಾಲ್ವರಿನ ಕುದುರೆ ಒತ್ತಿದರು. ಟಿಕ್. ಮತ್ತೆ ಒತ್ತಿದರು. ಟಿಕ್. ಹಿಂದೆ ಸರಿಯಲಿಲ್ಲ, ನಿಂತಲ್ಲೇ ನಿಂತು ಆರೂ ಸಲ ಒತ್ತಿದರು. ಆರೂ ಸಲ ಟಿಕ್. ನಾಯಿ ಹಾರಿದಾಗ ಅವರು ರಿವಾಲ್ವರ್ ಬಿಸಾಕಿ, ತಮ್ಮ ಎಡಗೈಯನ್ನೇ ಅದರ ಬಾಯಿಗೆ ಅಡ್ಡ ಕೊಟ್ಟರು. ಆ ಹೆಂಗಸು ಐದು ಸೇರಿನ ತೂಕದ ಕಲ್ಲೆತ್ತಿ ನಾಯಿಯ ನೆತ್ತಿಯ ಮೇಲೆ ಹಾಕಿದಳು. ಒಂದೇ ಏಟು.

"ಆ ತುಪಾಕಿ ಯಾತಕ್ಕ ತಂದಿದ್ರಿ? ನಮ್ಮಪ್ಪ, ಕೈ ನೋಡ್ರಿ, ಎಲುಬು ಕಾಣಾಕತ್ತೈತಿ!" ಎಂದು ಅವಳು ಅಳುತ್ತಾ ಸೆರಗು ಹರಿದು ಕಾಕಾನ ಕೈಗೆ ಸುತ್ತಿದಳು.

ಅಮೀನರು ಮೆಟ್ಟಿಲಿಳಿದು ಬಂದು ಮೊದಲು ಕೇಳಿದ ಮಾತು: "ಖಾಲಿ ಕೊಳವಿ ಎಲ್ಲಿ?"

ಕಾಕಾನನ್ನು ಮೋಟಾರಿನಲ್ಲಿ ರಾಯಚೂರಿಗೆ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಕಳಿಸಿದೆವು. ಹೊಟ್ಟೆಗೆ ಹದಿನಾಲ್ಕು ಸೂಜಿ. ಇತ್ತ ಠಾಣೆಯಲ್ಲಿ ವರದಿ ಬರೆಯಬೇಕಿತ್ತು. ಅಮೀನರು ಅತ್ತಿಂದಿತ್ತ ಓಡಾಡಿ ಯೋಚಿಸಿದರು. ಕಾಡತೂಸು ಕೆಟ್ಟಿದ್ದವು ಎನ್ನುವಂತಿಲ್ಲ, ದೊಡ್ಡ ಸಾಹೇಬರೇ ಖೂಬ್ ಎಂದಿದ್ದಾರೆ. ಎಣ್ಣೆಯ ಪದ್ಧತಿಗೆ ಅವರದೇ ಸುತ್ತೋಲೆ ಇದೆ. ರಿವಾಲ್ವರ್ ಕೆಟ್ಟಿತ್ತು ಎಂದರೆ ದೊಡ್ಡ ಬೋರಿನ ಮಾನ ಹೋಗುತ್ತದೆ. ಉಳಿದವರು ಜಮೇದಾರರು ಒಬ್ಬರೇ. 'ಜಮೇದಾರನು ಘಾಬರಿಯಿಂದ ಕುದುರೆ ಒತ್ತದೆ ನಿಂತುಬಿಟ್ಟನು' ಎಂದು ಹೇಳಿ ಬರೆಸಿದರು. ನನ್ನ ಕೈಯಿಂದಲೇ ಬರೆದೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ದಿನ ಅದನ್ನು ನೋಡಲು ನನಗೇ ಅಸಹ್ಯವಾಯಿತು.

ಯಾಕೆಂದರೆ ಆ ಆರು ಕಾಡತೂಸುಗಳು ನನ್ನ ಮುಂದೆ ಇದ್ದವು. ಪ್ರತಿಯೊಂದರ ಹಿಂಬದಿಯಲ್ಲಿ ರಿವಾಲ್ವರಿನ ಮೊಳೆ ಕುಟ್ಟಿದ ತಗ್ಗು ಸ್ಪಷ್ಟವಾಗಿತ್ತು. ಅವನ್ನು ಒಂದು ರದ್ದಿ ಕಾಗದದ ಮೇಲೆ ನಿಲ್ಲಿಸಿ ಇಟ್ಟಿದ್ದೆ. ಮರುದಿನ ನೋಡಿದರೆ ಒಂದೊಂದರ ಕೆಳಗೂ ಮಿರ್ಚಿ ಬಜ್ಜಿ ಕಟ್ಟಿದ ಕಾಗದದಂತೆ ಎಣ್ಣೆಯ ಉಂಗುರ ಮೂಡಿತ್ತು. ಹಿಂದಿನಿಂದ, ಸಂದಿಯಿಂದ ಎಣ್ಣೆ ಒಳಗೆ ಇಳಿದು ಮದ್ದನ್ನು ಕೊಂದಿತ್ತು. ಎರಡು ವರ್ಷ ಗುರುವಾರ ಗುರುವಾರ ನಾನೇ ಅವುಗಳನ್ನು ಮುಳುಗಿಸಿ ಕೊಂದಿದ್ದೆ. ದೊಡ್ಡ ಬೋರು, ಸಣ್ಣ ಬೋರು ಎಂದು ನಾವು ಬಡಿದಾಡುತ್ತಿದ್ದಾಗ ಸೊಂಟದಲ್ಲಿದ್ದದ್ದು ಹಿತ್ತಾಳೆಯ ಗುಂಡಿಗಳು.

ಹೇಳಬೇಕಿತ್ತು. ಹೇಳಲಿಲ್ಲ. ಎರಡು ಮಕ್ಕಳ ತಂದೆ ನಾನು, ನೌಕರಿ ಹೋದರೆ ಏನು ಗತಿ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಕಾಕಾ ತಿಂಗಳ ನಂತರ ಬಂದರು. ಸೊರಗಿದ್ದರು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ವಿಚಾರಣೆ ಇದೆ, ತಪ್ಪು ಸಾಬೀತಾದರೆ ಬರತರಫ್ ಎಂದು ಕಾಗದ ಓದಿ ಹೇಳಿದೆ. ಬರತರಫ್ ಎಂದರೆ ನೌಕರಿಯಿಂದ ತೆಗೆದುಹಾಕುವುದು, ಪಿಂಚಣಿಯೂ ಇಲ್ಲ.

"ಪಿಂಚಣಿ ಹೋದ್ರ ಹೋಗ್ಲಿ ತಮ್ಮಾ, ಹೊಲದಾಗ ಜ್ವಾಳ ಬೆಳಿತೈತಿ," ಎಂದರು. "ಅಂಜಿ ನಿಂತಿದ್ದ ಅನ್ನೋ ಮಾತು ದಢೇಸುಗೂರಿಗೆ ನನಗಿಂತ ಮೊದ್ಲ ಹೋಗಿ ಕುಂತೈತಿ ನೋಡು. ನಿನ್ನೆ ನನ್ನ ಅಳಿಯ ಮುಖ ಎತ್ತಿ ಮಾತಾಡ್ಲಿಲ್ಲ. ಅದನ್ನ ಹ್ಯಾಂಗ ತೆಗೀಲಿ?"

ಆಗಲೂ ನಾನು ಕಾಗದ ಮಡಚಿ ಕಡತದಲ್ಲಿಟ್ಟೆ, ಅಷ್ಟೇ.

ಲಿಂಗಸುಗೂರಿಗೆ ಹೋಗುವ ಮೋಟಾರಿನಲ್ಲಿ ಅಮೀನರು ನನ್ನ ಕಿವಿಯಲ್ಲಿ, "ಆ ತಗ್ಗು ಬಿದ್ದಿದ್ದು ಬ್ಯಾಡ. ಉಳಿದ ಆರು ತೋರಸ್ರಿ. ಇವೇ ಅವು ಅನ್ರಿ, ಯಾರಿಗೆ ತಿಳೀತದ?" ಎಂದರು. ಉಳಿದ ಆರು ಡಬ್ಬಿಯಲ್ಲಿದ್ದವು. ತಗ್ಗು ಬಿದ್ದವನ್ನೂ ನಾನು ಕೋಟಿನ ಜೇಬಿನಲ್ಲಿ ಹಾಕಿಕೊಂಡಿದ್ದೆ. ಯಾಕೆ ಹಾಕಿಕೊಂಡೆ ಎಂದರೆ ಹೇಳಲಾರೆ. ಧೈರ್ಯ ಇತ್ತು ಎಂದರೆ ಸುಳ್ಳಾಗುತ್ತದೆ.

ದೊಡ್ಡ ಸಾಹೇಬರು ಮೇಜಿನ ಹಿಂದೆ, ಇಬ್ಬರು ಅಮೀನರು ಅಕ್ಕಪಕ್ಕ, ಎದುರಿಗೆ ಕಾಕಾ. ಸಾಹೇಬರು ಡಬ್ಬಿಯ ಆರನ್ನೂ ಒಂದೊಂದಾಗಿ ತಿರುವಿ ನೋಡಿ ಉರ್ದುವಿನಲ್ಲಿ ಹೇಳಿದರು, ಇವುಗಳ ಮೇಲೆ ಮೊಳೆಯ ಗುರುತೇ ಇಲ್ಲ, ನೀನು ಕುದುರೆ ಒತ್ತಿಲ್ಲ ಎಂದು.

"ಆರು ಸಲ ಒತ್ತೀನ್ರಿ ಸಾಹೇಬ್ರ."

"ಹಾಗಾದರೆ ಕಾಡತೂಸು ಸುಳ್ಳು ಹೇಳುತ್ತದೆಯೇ?"

ಕಾಕಾ ಒಂದು ಹೆಜ್ಜೆ ಮುಂದೆ ಬಂದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿದರು.

"ಈ ಆರನ್ನ ತುಂಬ್ರಿ ಸಾಹೇಬ್ರ. ನನ್ನ ಎದಿಮ್ಯಾಲೆ ಇಟ್ಟು ಒತ್ರಿ. ನಾ ಅಂಜೂ ಮನಷ್ಯಾ ಹೌದೋ ಅಲ್ಲೋ ತಿಳೀತೈತಿ. ಕಾಡತೂಸು ಖರೇನೋ ಸುಳ್ಳೋ, ಅದೂ ತಿಳೀತೈತಿ."

ಕೆಳಗಿನವನೊಬ್ಬ ಹಾಗೆ ಮಾತಾಡಿದ್ದನ್ನು ಆ ಕೋಣೆ ಕೇಳಿರಲಿಕ್ಕಿಲ್ಲ. ಸಾಹೇಬರ ಮುಖ ಕೆಂಪಗಾಯಿತು. ಮೇಜಿನ ಮೇಲಿದ್ದ ನಮ್ಮ ಠಾಣೆಯ ರಿವಾಲ್ವರಿಗೆ ಒಂದೊಂದಾಗಿ ಆರನ್ನೂ ತುಂಬಿದರು. ಹೆದರಿಸಲೆಂದೇ ಇರಬಹುದು, ರಿವಾಲ್ವರ್ ಮೇಲೆತ್ತಿ ಕಾಕಾನ ಎದೆಗೆ ಹಿಡಿದರು. ಕಾಕಾ ಕಣ್ಣು ಮಿಟುಕಿಸಲಿಲ್ಲ. ಅವರಿಗೆ ಗೊತ್ತಿರದ ಒಂದು ವಿಷಯ ನನಗೆ ಗೊತ್ತಿತ್ತು. ಬಟ್ಟಲು ಸಣ್ಣದು, ಕೆಲವು ಸಲ ಎಲ್ಲವೂ ಪೂರ್ತಿ ಮುಳುಗುತ್ತಿರಲಿಲ್ಲ.

"ಬ್ಯಾಡ್ರಿ ಸಾಹೇಬ್ರ!" ಎಂದು ಕಿರುಚಿದೆ. ಜೇಬಿನಿಂದ ಆರನ್ನೂ ತೆಗೆದು ಮೇಜಿನ ಮೇಲೆ ಸುರುವಿದೆ. "ಇವರು ಹಾರಿಸಿದ್ದು ಇವುನ್ನ. ತಗ್ಗು ನೋಡ್ರಿ. ಎಣ್ಣ್ಯಾಗ ಇಟ್ಟು ಕೆಡಿಸಿದಾಂವ ನಾನು. ಅದ್ರಾಗ ಒಂದೆರಡು ಕೆಡದ ಇರಬಹುದು, ಒತ್ತಬ್ಯಾಡ್ರಿ!"

ಸಾಹೇಬರು ನನ್ನನ್ನೂ ಆ ಆರನ್ನೂ ನೋಡಿದರು. ಎದ್ದು ಕಿಟಕಿಗೆ ಹೋಗಿ ಎದುರಿನ ಕಾಂಪೌಂಡ್ ಗೋಡೆಗೆ ಗುರಿ ಹಿಡಿದು ಒತ್ತಿದರು. ಟಿಕ್. ಟಿಕ್. ಟಿಕ್. ಟಿಕ್. ಟಿಕ್. ಐದಾದ ಮೇಲೆ ಅವರು ನಮ್ಮ ಕಡೆ ಅರ್ಧ ತಿರುಗಿ, ಮತ್ತೆ ಗೋಡೆಯ ಕಡೆ ತಿರುಗಿ ಆರನೆಯದನ್ನು ಒತ್ತಿದರು.

ಧಡಾರೆಂದು ಹಾರಿತು. ಕೋಣೆಯೆಲ್ಲ ಹೊಗೆ, ಕಿವಿಯಲ್ಲಿ ಗುಂಯ್. ಗೋಡೆಯ ಗಾರೆ ಉದುರಿತು. ಹುಚ್ಚು ನಾಯಿಯ ಎದುರು ಅಲುಗಾಡದೆ ನಿಂತಿದ್ದ ಕಾಕಾ ನಿಂತಲ್ಲೇ ಕುಸಿದು ನೆಲದ ಮೇಲೆ ಕೂತರು.

ಮುಂದೆ ನಡೆದದ್ದನ್ನು ನೀವು ನಂಬಬೇಕು. ಅಮೀನರು ಹೊರಗೆ ಓಡಿ ಗೋಡೆಯ ತೂತಿನಲ್ಲಿ ಹೆಬ್ಬೆರಳು ತೂರಿಸಿ, "ದೇಖಿಯೇ ಸಾಹೇಬ್! ಸಣ್ಣ ಬೋರಿಗೆ ಇಂಥಾ ತೂತು ಬೀಳ್ತದೇನು?" ಎಂದು ಕೂಗಿದರು. ಮಸ್ಕಿಯ ಅಮೀನರು ಸೊಂಟ ಹಿಡಿದುಕೊಂಡೇ ಹೋಗಿ ಕಿರುಬೆರಳು ತೂರಿಸಿ, ಆಳ ಸಾಲದು ಎಂದರು. ದೊಡ್ಡ ಸಾಹೇಬರೂ ಹೋದರು. ಅರ್ಧ ತಾಸು ಮೂವರು ಅಧಿಕಾರಿಗಳು ಬಿಸಿಲಲ್ಲಿ ನಿಂತು ಆ ತೂತಿಗೆ ಬೆರಳು ಹಾಕಿ ತೆಗೆದು ಚರ್ಚಿಸಿದರು. ಒಳಗೆ ನೆಲದ ಮೇಲೆ ಕೂತಿದ್ದವನ ನೆನಪು ಒಬ್ಬರಿಗೂ ಇರಲಿಲ್ಲ.

ನಾನು ನೀರು ತಂದು ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು ಕಾಕಾ ಕೇಳಿದರು.

"ಯಾವ ಎಣ್ಣಿ ಅಂದಿ?"

"ಕುಸುಬಿ ಎಣ್ಣಿ, ಕಾಕಾ. ಎರಡು ವರ್ಷ. ನಾಯಿ ಕಚ್ಚಿದ ಮರದಿನಾನ ನನಗ ತಿಳದಿತ್ತು. ಅಂಜಿ ಹೇಳಿಲ್ಲ."

ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಒಂದು ಹೊಡೆತ ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

"ಎರಡು ವರ್ಷ," ಎಂದರು. "ನಮ್ಮ ಮನ್ಯಾಗ ಪಲ್ಯಾಕ ಎಣ್ಣಿ ಸಾಲಂಗಿಲ್ಲ."

ಹುಕುಂ ಎರಡು ತಿಂಗಳಿಗೆ ಬಂತು. ಎಣ್ಣೆಯ ಸುತ್ತೋಲೆ ತಪ್ಪು ಎಂದರೆ ಅದಕ್ಕೆ ಸಹಿ ಹಾಕಿದವರು ತಪ್ಪು ಎಂದಾಗುತ್ತದೆ. ಆದ್ದರಿಂದ ತಪ್ಪು ಬೋರಿನದು ಎಂದು ತೀರ್ಮಾನವಾಗಿತ್ತು. 'ಚಾರ್‌ಸೌ ಪಚಪನ್ ಬೋರು ಈ ಪ್ರದೇಶದ ಹವಾಮಾನಕ್ಕೆ ಹೊಂದದೆಂದು ಅನುಭವದಿಂದ ಸಿದ್ಧವಾಗಿದೆ. ಇನ್ನು ಮುಂದೆ ತೀನ್‌ಸೌ ಅಸ್ಸೀ.' ವರ್ಷಗಟ್ಟಲೆ ಬಗೆಹರಿಯದ ವಾದ ಹೀಗೆ ಒಂದು ಬಟ್ಟಲು ಎಣ್ಣೆಯಲ್ಲಿ ಬಗೆಹರಿಯಿತು. ನಾನು ಸಹಿ ಹಾಕಿ ಕೊಟ್ಟಿದ್ದ ತಪ್ಪೊಪ್ಪಿಗೆ, ದಾಖಲಿಸುವ ಅಗತ್ಯವಿಲ್ಲ ಎಂಬ ಷರಾದೊಂದಿಗೆ ವಾಪಸು ಬಂತು. ಜಮೇದಾರರ ಮೇಲಿನ ಆರೋಪ ಬಿಟ್ಟುಹೋಯಿತು. ಆದರೆ ಒಬ್ಬ ಹೆಂಗಸಿನ ಪ್ರಾಣ ಉಳಿಸಿದನೆಂದು ಒಂದು ಸಾಲೂ ಇರಲಿಲ್ಲ. ಅದನ್ನು ಹೇಳಿದವಳು ಬಳಗಾನೂರಿನ ಆ ಹೆಂಗಸು. ಸಂತೆ ಸಂತೆಗೆ ತಕ್ಕಡಿ ತೂಗುತ್ತಾ, ಕೊಳ್ಳುವವರಿಗೂ ಕೊಳ್ಳದವರಿಗೂ ಹೇಳುತ್ತಿದ್ದಳು. ದಢೇಸುಗೂರಿಗೆ ಅದು ತಲುಪಲು ಮೂರು ಸಂತೆ ಸಾಕಾದವು.

ವಿಚಾರಣೆಯ ದಿನ ಸಂಜೆಯೇ ದೊಡ್ಡ ಸಾಹೇಬರು ಬಂಗಲೆಯ ಹಿಂದೆ ಹೋಗಿ ತಮ್ಮ ಸೊಂಟದ ಕಾಡತೂಸುಗಳನ್ನೂ ಒತ್ತಿ ನೋಡಿದರೆಂದು ಅಲ್ಲಿನ ಮಾಲಿ ಹೇಳಿದ. ಎಷ್ಟು ಹಾರಿದವು ಎಂದರೆ ನಕ್ಕುಬಿಟ್ಟ.

ಹೊಸ ಬೋರಿನ ಕಾಡತೂಸುಗಳು ಬೇಗ ಬಂದವು. ಹೊಸ ರಿವಾಲ್ವರ್ 'ಶೀಘ್ರದಲ್ಲೇ' ಬರುವುದಿತ್ತು. ಹೀಗೆ ಏಳೆಂಟು ತಿಂಗಳು ನಮ್ಮಲ್ಲಿ ದೊಡ್ಡ ಬೋರಿನ ರಿವಾಲ್ವರ್, ಸಣ್ಣ ಬೋರಿನ ಗುಂಡು. ಅಮೀನರು ಒಮ್ಮೆ ತುಂಬಿ ನೋಡಿದರು. ಹಿಂದಿನಿಂದ ಹಾಕಿದ್ದು ಮುಂದಿನಿಂದ ಜಾರಿ ಅವರ ಬೂಟಿನ ಮೇಲೆ ಬಿತ್ತು. ಗುಂಡುಗಳ ಜೊತೆಗೆ ಒಂದು ಸೂಚನೆಯೂ ಇತ್ತು: ಪ್ರತಿ ಗುರುವಾರ ಸಿಂಧನೂರಿನ ಪದ್ಧತಿಯಂತೆ ಶುಚಿ ಮಾಡತಕ್ಕದ್ದು. ಎಣ್ಣೆಯ ಸೀಸೆಯೂ ತಪ್ಪದೆ ಬಂತು.

ಕಾಕಾನ ನೌಕರಿಯ ಕೊನೆಯ ದಿನ ಗುರುವಾರವೇ ಆಗಿತ್ತು. ಪಟ್ಟಿ, ಸೀಟಿ ಒಪ್ಪಿಸಲು ಬಂದರು. ನಾನು ಒಣ ಬಟ್ಟೆ ಹಿಡಿದು ಹೊಸ ಕಾಡತೂಸುಗಳನ್ನು ಒರೆಸುತ್ತಿದ್ದೆ. ಅವರು ಎದುರಿಗೆ ಕೂತು ಒಂದನ್ನು ಎತ್ತಿ ಮೂಸಿದರು.

"ಎಣ್ಣಿ ವಾಸನಿ ಇಲ್ಲ."

ನಾನು ರಿಜಿಸ್ಟರ್ ತಿರುಗಿಸಿ ಅವರಿಗೆ ಓದಿ ಹೇಳಿದೆ. 'ಹುಣಸೆಹಣ್ಣಿನಿಂದ ತೊಳೆದು, ಎಣ್ಣೆಯಲ್ಲಿ ಇಡಲಾಗಿದೆ.' ಹಿಂದಿನ ಗುರುವಾರದ್ದೂ ಓದಿದೆ, ಅದರ ಹಿಂದಿನದೂ. ಎಲ್ಲವೂ ಅದೇ ಸಾಲು, ಮುತ್ತಿನಂಥ ಅಕ್ಷರ. ಆ ಠಾಣೆಯಲ್ಲಿ ನಾನು ಬೇರೆಯವರಿಗಾಗಿ ಬರೆದ ಸುಳ್ಳುಗಳಿಗೆ ನಾಚಿಕೆಪಟ್ಟಿದ್ದೇನೆ. ಈ ಸುಳ್ಳಿಗೆ ಮಾತ್ರ ಇಲ್ಲ.

"ಹಂಗಾದ್ರ ಬಂದ ಎಣ್ಣಿ?" ಎಂದರು ಕಾಕಾ.

ಮೇಜಿನ ಕೆಳಗಿನಿಂದ ಸರ್ಕಾರದ ಮುದ್ರೆ ಒಡೆಯದ ಸೀಸೆಗಳನ್ನು ತೆಗೆದು ಅವರ ಮುಂದಿಟ್ಟೆ. ಏಳು ಇದ್ದವು.

"ಪಲ್ಯಾಕ ಹಾಕ್ರಿ ಕಾಕಾ," ಎಂದೆ.

ಅವರು ನಕ್ಕರು. ಎಡಗೈಯ ಬೆರಳು ಮಡಚುತ್ತಿರಲಿಲ್ಲವಾದ್ದರಿಂದ ಸೀಸೆಗಳನ್ನು ರುಮಾಲಿನಲ್ಲಿ ಕಟ್ಟಿ ಅವರ ಹೆಗಲಿಗೆ ನಾನೇ ಏರಿಸಿದೆ. ನಾನು ಆ ಠಾಣೆ ಬಿಡುವ ತನಕ ತಿಂಗಳಿಗೊಂದು ಸೀಸೆ ದಢೇಸುಗೂರಿಗೆ ಹೋಗುತ್ತಿತ್ತು. ರಿಜಿಸ್ಟರಿನಲ್ಲಿ ಅದು ಕಾಡತೂಸುಗಳಿಗೇ ಖರ್ಚಾಯಿತು.